ಕೊಳವೆಯಲ್ಲಿ ಉಳಿದ ಪುಡಿ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಕಾಯಕದ ಮಹತ್ವ ಕುರಿತು ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಈ ವಿಷಯದ ಮೇಲೆ ನಾನು ಕಳೆದ ಇಪ್ಪತ್ತು ವರ್ಷಗಳಲ್ಲಿ ಬಸವ ಜಯಂತಿಗಳಲ್ಲಿ ಹತ್ತಾರು ಸಲ ಮಾತನಾಡಿದ್ದೇನೆ. ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಇವತ್ತು ಆ ಹಳೆಯ ಭಾಷಣ ಮಾಡುವುದಿಲ್ಲ. ಈ ಬೇಸಿಗೆಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ನಡೆದ ಒಂದು ರಿಪೇರಿಯ ಕಥೆ ಹೇಳುತ್ತೇನೆ. ಕಾರಿನ ಏಸಿ ಕಂಪ್ರೆಸರ್ ಬದಲಾಯಿಸಿದ ಕಥೆ. ಮಠದಲ್ಲಿ ಇದೇನು ಗ್ಯಾರೇಜಿನ ಮಾತು ಎಂದು ತಾವು ಅಂದುಕೊಳ್ಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಾನು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ 34 ವರ್ಷ ದುಡಿದೆ. ಕಾಲುವೆ ಅಳೆದೆ, ಬಿಲ್ಲು ಬರೆದೆ, ಸಹಿ ಹಾಕಿದೆ. ಆದರೆ ಆ 34 ವರ್ಷಗಳಲ್ಲಿ ನನ್ನ ಕೈಗೆ ಎಣ್ಣೆ ಹತ್ತಿದ್ದು ಬಹಳ ಕಡಿಮೆ. ಇಂಜಿನಿಯರ್ ಎಂದರೆ ಇನ್ನೊಬ್ಬರಿಗೆ ಹೇಳಿ ಮಾಡಿಸುವವನು ಎಂದೇ ತಿಳಿದಿದ್ದೆ.

ನಮ್ಮವ್ವನಿಗೆ ಈಗ 87 ವರ್ಷ. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ವಿಜಯಪುರದ ಬೇಸಿಗೆ ತಮಗೆ ಗೊತ್ತೇ ಇದೆ, 40 ಡಿಗ್ರಿ ದಾಟುವ ಬಿಸಿಲು. ಹಾಗಾಗಿ ನಮ್ಮ 11 ವರ್ಷದ ಹಳೆಯ ಸಣ್ಣ ಕಾರಿನ ಏಸಿ ನಮಗೆ ಶೋಕಿಯಲ್ಲ, ಅವಶ್ಯಕತೆ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಬರುವಾಗ ಬಾನೆಟ್ಟಿನ ಒಳಗಿನಿಂದ ಕಿರ್ರೆಂದು ಸದ್ದು ಬಂತು, ರಬ್ಬರು ಸುಟ್ಟ ವಾಸನೆ ಬಂತು, ತಣ್ಣನೆಯ ಗಾಳಿ ನಿಂತುಹೋಯಿತು. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮನೆ ಮುಟ್ಟಿದಳು.

ಏಸಿ ಕೆಲಸ ಮಾಡುವ ಬಗೆ ಸರಳ. ಕಂಪ್ರೆಸರ್ ಎಂದರೆ ನಮ್ಮ ಹೃದಯದ ಹಾಗೆ ಒಂದು ಪಂಪು. ಇಂಜಿನ್ನಿನ ಬೆಲ್ಟು ಅದನ್ನು ತಿರುಗಿಸುತ್ತದೆ. ಅದು ಗ್ಯಾಸನ್ನು ಒತ್ತಿ ಬಿಸಿ ಮಾಡಿ ಮುಂದಿನ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಗ್ಯಾಸು ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಡ್ರೈಯರ್ ಎಂಬ ಭಾಗ ಅದರ ತೇವವನ್ನು ಹೀರಿ ಕಸವನ್ನು ಸೋಸುತ್ತದೆ. ಆಮೇಲೆ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸೂಜಿಗಣ್ಣಿನಂಥ ತೂತಿನಿಂದ ಹೊರಬರುವಾಗ ಅದರ ಒತ್ತಡ ಒಮ್ಮೆಲೇ ಇಳಿದು ತಣ್ಣಗಾಗುತ್ತದೆ. ಗ್ಯಾಸಿನ ಜೊತೆಗೇ ಒಂದಿಷ್ಟು ಎಣ್ಣೆಯೂ ತಿರುಗುತ್ತಿರುತ್ತದೆ. ಆ ಎಣ್ಣೆಯೇ ಕಂಪ್ರೆಸರಿನ ಜೀವ.

ಏಸಿ ನಿಂತ ಕೂಡಲೇ ಕಂಪ್ರೆಸರ್ ಹೋಯಿತು ಎಂದು ಹೆದರಬೇಕಾಗಿಲ್ಲ. ಎಷ್ಟೋ ಸಲ ಫ್ಯೂಸು ಹೋಗಿರುತ್ತದೆ, ರಿಲೇ ಕೆಟ್ಟಿರುತ್ತದೆ. ಗ್ಯಾಸು ಸೋರಿ ಒತ್ತಡ ಇಳಿದರೆ ಸ್ವಿಚ್ಚೇ ಕಂಪ್ರೆಸರನ್ನು ತಡೆಯುತ್ತದೆ. ಮುಂದಿರುವ ಅಯಸ್ಕಾಂತದ ಕ್ಲಚ್ಚಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ಮೊದಲು ನೋಡಬೇಕು. ನನ್ನ ಕಾರಿನಲ್ಲಿ ಇದೆಲ್ಲ ಸರಿ ಇತ್ತು. ಆದರೆ ಇಂಜಿನ್ ನಿಲ್ಲಿಸಿ ಕ್ಲಚ್ಚಿನ ತಟ್ಟೆಯನ್ನು ಕೈಯಿಂದ ತಿರುಗಿಸಿದರೆ ಅದು ಅಲುಗಾಡಲಿಲ್ಲ. ಒಳಗಿನ ಪಿಸ್ಟನ್‌ಗಳು ಹಿಡಿದುಕೊಂಡಿದ್ದವು. ಕಂಪ್ರೆಸರ್ ನಿಜವಾಗಿಯೂ ಸತ್ತಿತ್ತು.

ವರ್ಕ್‌ಶಾಪಿನವರು ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ವಾಲ್ವು, ಗ್ಯಾಸು ಎಲ್ಲ ಸೇರಿ 38,000 ರೂಪಾಯಿ ಎಂದರು. ಕೆಟ್ಟದ್ದು ಒಂದು ಸಾಮಾನು, ಬದಲಿಸುವುದು ಐದು. ಇದು ಲೂಟಿ ಎಂದೆ. 34 ವರ್ಷ ಗುತ್ತಿಗೆದಾರರ ಎಸ್ಟಿಮೇಟು ಕತ್ತರಿಸಿದವನಿಗೆ ಈ ಎಸ್ಟಿಮೇಟು ಕತ್ತರಿಸುವುದು ಯಾವ ದೊಡ್ಡ ಕೆಲಸ? ಪೇಟೆಯಲ್ಲಿ 14,000ಕ್ಕೆ ಹೊಸ ಕಂಪ್ರೆಸರ್ ಒಂದನ್ನೇ ತಂದೆ. ಮನೆಯಲ್ಲೇ ಹಾಕುತ್ತೇನೆ, ಇದೇ ನನ್ನ ಕಾಯಕ ಎಂದು ಮನೆಯವರ ಮುಂದೆ ಹೆಮ್ಮೆಯಿಂದ ಹೇಳಿದೆ.

ಮೊದಲ ತಪ್ಪು ಅಲ್ಲೇ ಆಯಿತು. ಪೈಪು ಬಿಚ್ಚುವ ಮುಂಚೆ ಒಳಗಿನ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ನಾನು ಪಾನಾ ಹಚ್ಚಿ ಸಡಿಲು ಮಾಡಿದೆ. ಗ್ಯಾಸೆಲ್ಲ ಬುಸ್ಸೆಂದು ಗಾಳಿಗೆ ಹೋಯಿತು, ಮೂರು ಬೆರಳು ಬೆಳ್ಳಗಾಗಿ ಜೋಮು ಹಿಡಿದವು. ಆ ಗ್ಯಾಸು ಬಯಲಿಗೆ ಬಂದರೆ ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ ಕುದಿಯುತ್ತದೆ. ಕಣ್ಣಿಗೆ ಸಿಡಿದಿದ್ದರೆ ಇವತ್ತು ತಮ್ಮನ್ನೆಲ್ಲ ಹೀಗೆ ನೋಡಲು ಆಗುತ್ತಿರಲಿಲ್ಲ. ನನ್ನ ಕಾರಿನಲ್ಲಿದ್ದದ್ದು ಆರ್-134ಎ ಎಂಬ ಗ್ಯಾಸು, 450 ಗ್ರಾಂ. ಇದಕ್ಕೂ ಮುಂಚೆ ಕಾರುಗಳಲ್ಲಿ ಬಳಸುತ್ತಿದ್ದ ಆರ್-12 ಓಜೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದನ್ನು ಬಿಟ್ಟರು. ಆರ್-134ಎ ಓಜೋನ್ ಪದರಕ್ಕೆ ಕೇಡು ಮಾಡದು, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ನೂರು ವರ್ಷದ ಲೆಕ್ಕಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಬಲವಾದದ್ದು. ನಾನು ಅರ್ಧ ನಿಮಿಷದಲ್ಲಿ ಹೊರಬಿಟ್ಟ 450 ಗ್ರಾಂ, ಸುಮಾರು 270 ಲೀಟರ್ ಪೆಟ್ರೋಲು ಸುಟ್ಟಷ್ಟೇ ಹೊರೆ. ನನ್ನ ಮನೆ ತಂಪಾಗಲಿ ಎಂದು ಎಲ್ಲರ ಮನೆಗೆ ಬಿಸಿ ಹಂಚಿದೆ. ಇದು ದಾಸೋಹದ ತೀರ ತಿರುಗುಮುರುಗು.

ಕಂಪ್ರೆಸರಿನ ಒಂದು ಬೋಲ್ಟು ಬಿಚ್ಚಲೇ ಇಲ್ಲ. ಕೊನೆಗೆ ಹತ್ತಿರದ ಏಸಿ ಅಂಗಡಿಯ ಒಬ್ಬ ಹುಡುಗನನ್ನು ಕರೆದೆ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಅವನು ಎರಡು ನಿಮಿಷದಲ್ಲಿ ಬೋಲ್ಟು ತೆಗೆದ. ಹೋಗುವ ಮುಂಚೆ ಪೈಪಿನ ಬಾಯಿಗೆ ಬೆರಳು ಹಾಕಿ ಹೊರತೆಗೆದು ನನಗೆ ತೋರಿಸಿದ. ಬೆರಳ ತುದಿಯಲ್ಲಿ ಬೂದು ಬಣ್ಣದ ಅಂಟು, ಅದರೊಳಗೆ ಮಿಣಮಿಣ ಹೊಳೆಯುವ ಪುಡಿ.

“ಸರ್, ಹಳೇ ಕಂಪ್ರೆಸರ್ ಸವದ ಪುಡಿ ರೀ ಇದು. ಎಲ್ಲಾ ಕಡೆ ಹೋಗೇತಿ. ಕಂಪ್ರೆಸರ್ ಒಂದ ಹಾಕಿದ್ರ ಆಗೂದಿಲ್ಲ ರೀ. ಕಂಡೆನ್ಸರ್ ಬದಲ ಮಾಡ್ರಿ, ಪೈಪ್ ತೊಳೀರಿ,” ಎಂದ.

ನಾನು ಏನು ಹೇಳಿದೆ ಗೊತ್ತೇ? “ತಮ್ಮಾ, ನಾ ಇಂಜಿನಿಯರ್ ಅದೀನಿ. ನಿನ್ನ ಕೆಲಸ ಆತು, ನೀ ಹೋಗು,” ಎಂದೆ. ಅದಕ್ಕೂ ಮುಂಚೆ ಅವನು ಯಾವ ಓಣಿಯವನು ಎಂದು ಕೇಳಿದ್ದೆ. ನಮ್ಮೂರುಗಳಲ್ಲಿ ಓಣಿ ಕೇಳುವುದು ಎಂದರೆ ಏನು ಕೇಳಿದ ಹಾಗೆ ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಅವನಿಗೆ ಚಹಾ ಕೊಟ್ಟೆವು. ಕಾಗದದ ಕಪ್ಪಿನಲ್ಲಿ ಕೊಟ್ಟೆವು. ನಮ್ಮ ಮನೆಯಲ್ಲಿ ಇಪ್ಪತ್ತು ಸ್ಟೀಲು ಲೋಟಗಳಿವೆ. ಆ ಕಾಗದದ ಕಪ್ಪಿನ ಕಟ್ಟನ್ನು ಅಂಗಡಿಯಿಂದ ತಂದವನು ನಾನೇ. ಯಾಕೆ ತಂದಿದ್ದೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಹೊಸ ಕಂಪ್ರೆಸರ್ ಹಾಕಿದೆ. ರಸ್ತೆ ಬದಿಯಲ್ಲಿ ಒಬ್ಬರಿಂದ 1,800 ರೂಪಾಯಿಗೆ ಗ್ಯಾಸು ತುಂಬಿಸಿದೆ. ಗಾಳಿ ತಣ್ಣಗೆ ಬಂತು. ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಹತ್ತೊಂಬತ್ತನೇ ದಿನ ಅದೇ ಕಿರ್ರೆನ್ನುವ ಸದ್ದು, ಅದೇ ಸುಟ್ಟ ವಾಸನೆ. ಹಳೆಯ ಪುಡಿ ಹೊಸ ಕಂಪ್ರೆಸರನ್ನು ತಿಂದುಹಾಕಿತ್ತು.

ಶರಣ ಬಂಧುಗಳೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೋದ ಹಣಕ್ಕಿಂತ ಹೆಚ್ಚಾಗಿ, ಆ ಹುಡುಗ ಬೆರಳು ಮುಂದೆ ಹಿಡಿದು ತೋರಿಸಿದ್ದು ನೆನಪಾಗುತ್ತಿತ್ತು. ಅವನು ನೋಡಿ ಹೇಳಿದ್ದ, ನಾನು ನೋಡಿಯೂ ನೋಡಲಿಲ್ಲ. ಯಾಕೆ ನೋಡಲಿಲ್ಲ? ಅದೇ ಮಾತನ್ನು ಒಬ್ಬ ಡಿಗ್ರಿ ಪಡೆದವನು, ಒಳ್ಳೆಯ ಅಂಗಿ ಹಾಕಿದವನು, ನಮ್ಮವನು ಎನ್ನಿಸುವವನು ಹೇಳಿದ್ದರೆ ನಾನು ಕೇಳುತ್ತಿದ್ದೆ. ಸತ್ಯ ಯಾರ ಬಾಯಿಂದ ಬಂತು ಎಂದು ನೋಡಿ ಅದಕ್ಕೆ ಬೆಲೆ ಕಟ್ಟಿದೆ.

ಮರುದಿನ ಅವನ ಅಂಗಡಿಗೆ ನಾನೇ ಹೋದೆ. “ತಪ್ಪಾತು ತಮ್ಮಾ. ನೀ ಹೇಳಿಧಂಗ ಮಾಡೂಣು. ನನಗ ಕಲಸು,” ಎಂದೆ. ಅವನು ನಗಲೂ ಇಲ್ಲ, ಚುಚ್ಚಲೂ ಇಲ್ಲ. “ರವಿವಾರ ಬರ್ತೀನ್ ರೀ ಸರ್. ಅದಕಿಂತ ಮದಲ ಗಾಡಿ ಅಂಗಡಿಗೆ ತರ್ರಿ, ಗ್ಯಾಸ್ ಮಶೀನಿಗೆ ಎಳಕೋತೀನಿ,” ಎಂದ. ಗ್ಯಾಸು ಈ ಸಲ ಗಾಳಿಗೆ ಹೋಗಲಿಲ್ಲ.

ರವಿವಾರ ಬೆಳಿಗ್ಗೆ ಬೇವಿನ ಮರದ ನೆರಳಿನಲ್ಲಿ ಕೆಲಸ ಹಿಡಿದೆವು. ಕೈಗೆ ಗವಸು, ಕಣ್ಣಿಗೆ ಕನ್ನಡಕ. ಅವನು ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಬ್ಯಾಟರಿಯ ತಂತಿ ಬಿಚ್ಚಿದೆವು, ಬೆಲ್ಟು ತೆಗೆದೆವು. ಬಿಚ್ಚಿದ ಪ್ರತಿ ಪೈಪಿನ ಬಾಯಿಗೂ ಕೂಡಲೇ ಮುಚ್ಚಳ ಹಾಕಿಸಿದ, ಏಕೆಂದರೆ ಒಳಗಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಂಡೆನ್ಸರಿನ ಕಾಲುವೆಗಳು ತೀರ ಸಣ್ಣವು, ಅದನ್ನು ಎಷ್ಟು ತೊಳೆದರೂ ಪುಡಿ ಪೂರ್ತಿ ಹೋಗುವುದಿಲ್ಲ. ಅದನ್ನೂ ಅದರ ಜೊತೆಗಿನ ಡ್ರೈಯರನ್ನೂ ಹೊಸದು ಹಾಕಿದೆವು. ಎಕ್ಸ್‌ಪ್ಯಾನ್ಷನ್ ವಾಲ್ವು ಬದಲಿಸಿದೆವು. ಪೈಪುಗಳಿಗೆ ಮತ್ತು ಒಳಗಿನ ಇವ್ಯಾಪೊರೇಟರಿಗೆ ತೊಳೆಯುವ ದ್ರಾವಣ ಹಾಕಿ, ಒಣ ನೈಟ್ರೋಜನ್ನಿನಿಂದ ಊದಿ, ಬಿಳಿ ಬಟ್ಟೆಯ ಮೇಲೆ ಹಿಡಿದು ನೋಡಿದೆವು. ಮೊದಲ ಸಲ ಬಟ್ಟೆ ಕಪ್ಪಾಯಿತು. ಎರಡನೇ ಸಲ ಬೂದಾಯಿತು. ನನಗೆ ಸಾಕು ಎನ್ನಿಸಿತು. “ಇನ್ನೊಮ್ಮೆ ರೀ,” ಎಂದ. ಐದನೇ ಸಲಕ್ಕೆ ಬಟ್ಟೆ ಬೆಳ್ಳಗೇ ಉಳಿಯಿತು.

ಜೋಡಣೆಯ ಪ್ರತಿ ಕಡೆಗೂ ಹೊಸ ರಬ್ಬರಿನ ಒ-ರಿಂಗು, ಅದಕ್ಕೆ ಒಂದು ಹನಿ ಎಣ್ಣೆ. ಕಂಪ್ರೆಸರಿಗೆ ಕಂಪನಿ ಹೇಳಿದ ಜಾತಿಯ ಎಣ್ಣೆ, ಹೇಳಿದಷ್ಟೇ ಅಳತೆ. ಕಡಿಮೆಯಾದರೆ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ತಂಪು ಕಡಿಮೆಯಾಗುತ್ತದೆ. ಕೂಡಿಸಿದ ಮೇಲೆ ಕ್ಲಚ್ಚನ್ನು ಕೈಯಿಂದ ಹತ್ತು ಸುತ್ತು ತಿರುಗಿಸಲು ಹೇಳಿದ. ಸಿಲಿಂಡರಿನಲ್ಲಿ ಎಣ್ಣೆ ನಿಂತಿದ್ದರೆ, ಒಮ್ಮೆಲೇ ಇಂಜಿನ್ನಿನಿಂದ ಓಡಿಸಿದಾಗ ಒಳಗಿನ ವಾಲ್ವು ಮುರಿಯಬಹುದು.

ಆಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿದ. ಒಳಗಿನ ಒತ್ತಡ ಇಳಿದಂತೆ, ಉಳಿದ ನೀರಿನ ಪಸೆ ಈ ನಮ್ಮ ಬಿಸಿಲಿನ ಕಾವಿಗೇ ಕುದಿದು ಆವಿಯಾಗಿ ಹೊರಬರುತ್ತದೆ. ಪುಸ್ತಕದಲ್ಲಿ ಮೀಟರು 29 ಅಂಗುಲ ದಾಟಬೇಕು ಎಂದಿತ್ತು. ನಮ್ಮ ಮೀಟರು 28ರ ಹತ್ತಿರ ನಿಂತುಬಿಟ್ಟಿತು. ಪಂಪು ಕೆಟ್ಟಿದೆ ಎಂದೆ. “ಇಲ್ಲ ರೀ ಸರ್, ನಮ್ಮೂರಾಗ ಇಷ್ಟ ಬರೂದು. ಯಾಕ ಅನ್ನೂದು ನನಗ ಗೊತ್ತಿಲ್ಲ ರೀ,” ಎಂದ. ಆಗ ನನ್ನ ಓದು ಮೊದಲ ಸಲ ಉಪಯೋಗಕ್ಕೆ ಬಂತು. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು ಎರಡು ಅಂಗುಲ ಕಡಿಮೆ. ಹಾಗಾಗಿ ಮೀಟರು 28ರ ಆಚೆ ಹೋಗುವುದೇ ಸಾಧ್ಯವಿಲ್ಲ. ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆದು ತೋರಿಸಿದೆ. ಅವನ ಮುಖ ಅರಳಿತು. ಏನು ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಯಾಕೆ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಇಬ್ಬರೂ ನೆಲದ ಮೇಲೆ ಕುಳಿತಾಗ ಪೂರ್ತಿ ಗೊತ್ತಾಯಿತು. ಅನುಭವ ಮಂಟಪದಲ್ಲಿ ಅರಸನ ಭಂಡಾರ ನೋಡುತ್ತಿದ್ದ ಬಸವಣ್ಣನವರೂ, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ, ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ ಒಟ್ಟಿಗೆ ಕುಳಿತದ್ದು ಇಂಥದ್ದಕ್ಕಾಗಿಯೇ ಇರಬೇಕು ಎಂದು ನನಗೆ ಅನ್ನಿಸಿತು.

ಪಂಪು ಮುಕ್ಕಾಲು ಗಂಟೆ ಓಡಬೇಕಿತ್ತು. ಊಟದ ಹೊತ್ತಾಗಿತ್ತು. ಮನೆಯವರು ಊಟಕ್ಕೆ ಕರೆದರು. ಹುಡುಗ, “ನಾ ಬುತ್ತಿ ತಂದೀನ್ ರೀ,” ಎಂದು ಗೇಟಿನ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ನೀರು ತೆಗೆದುಕೊಂಡು ಹೋದೆ. ಅವನು ತನ್ನ ಚೀಲದಿಂದ ಒಂದು ಕಾಗದದ ಕಪ್ಪು ತೆಗೆದು ಮುಂದೆ ಹಿಡಿದ. “ಹ್ವಾದ ಸಲ ಇದರಾಗ ಕೊಟ್ಟಿದ್ರಲ್ ರೀ. ನಿಮಗ್ಯಾಕ ತ್ರಾಸು ಅಂತ ನಾನ ತಂದೀನಿ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೆಲ್ಟಿನ ಅಳತೆ ಹೇಳಿದಷ್ಟೇ ಸಹಜವಾಗಿ ಹೇಳಿದ.

ನನ್ನ ಕೈಯಲ್ಲಿದ್ದ ತಂಬಿಗೆ ನಡುಗಿತು. ಇಪ್ಪತ್ತು ವರ್ಷ ಮಾಡಿದ ಭಾಷಣಗಳೆಲ್ಲ ಆ ಒಂದು ಕಪ್ಪಿನ ಮುಂದೆ ಬಾಯಿ ಮುಚ್ಚಿದವು.

ಅವನನ್ನು ಒಳಗೆ ಕರೆದೆ. ಬಲವಂತ ಮಾಡಿದ ಮೇಲೆ ಬಂದ. ನಮ್ಮ ಜೊತೆಗೆ ಕುಳಿತು, ನಮ್ಮ ತಾಟಿನಲ್ಲಿ ರೊಟ್ಟಿ, ಪಲ್ಲೆ ಉಂಡ. ನಾಲ್ಕು ತುತ್ತು ಅವಸರದಿಂದ ಉಂಡು ಎದ್ದ. ಅವನಿಗೆ ಆ ಊಟ ಸುಖವಾಗಿರಲಿಲ್ಲ ಎಂಬುದು ನನಗೆ ಗೊತ್ತಾಯಿತು. ಒಂದು ಊಟ ಹಾಕಿ ನಾನು ಶರಣನಾದೆ ಎಂದು ಹೇಳಿದರೆ ಅದು ಮತ್ತೊಂದು ಸುಳ್ಳು. ಹತ್ತೊಂಬತ್ತು ದಿನದ ತಂಪಿನ ಹಾಗೆಯೇ ಅದು.

ಅದೇ ಹೊತ್ತಿಗೆ ನಮ್ಮ ಬೀಗರೊಬ್ಬರು ಬಂದರು. ನನ್ನ ಕೈ, ಬನಿಯನ್ನು ಎಲ್ಲ ಕಪ್ಪಾಗಿದ್ದವು. “ಏನ್ ರೀ ಸಾಹೇಬ್ರ, ಪೆನ್ಶನ್ ಸಾಲವಲ್ದೇನು? ಇಂಥಾ ಕೆಲಸಕ್ಕ ಮಂದಿ ಸಿಗೂದಿಲ್ಲೇನು?” ಎಂದರು. ತಮಾಷೆಗೆ ಹೇಳಿದರು. ಆದರೆ ಯೋಚಿಸಿರಿ. ಅವರ ಬೈಠಕ್ಕಿನಲ್ಲಿ ಬಸವಣ್ಣನವರ ದೊಡ್ಡ ಭಾವಚಿತ್ರವಿದೆ. ನನ್ನ ಮನೆಯಲ್ಲೂ ಇದೆ. ಕೆಲಸ ಮಾಡಿ ಕೈ ಕಪ್ಪಾಗುವುದು ನಮಗಿಬ್ಬರಿಗೂ ಬಡತನದ ಗುರುತಾಗಿತ್ತು. ಮಾದಾರ, ಮಡಿವಾಳ, ಮೇದಾರ, ಹಡಪದ ಎಂದು ಶರಣರ ಹೆಸರಿನ ಜೊತೆಗೆ ನಿಂತದ್ದು ಅವರ ಕಾಯಕ. ಆ ಹೆಸರುಗಳನ್ನು ಅವರು ಬಚ್ಚಿಡಲಿಲ್ಲ. ಅವರ ಕಾಯಕವನ್ನು ನಾವು ವೇದಿಕೆಗೆ ತಂದೆವು, ಅವರ ಹತಾರವನ್ನು ಮಾತ್ರ ಗೇಟಿನ ಹೊರಗೆ ಇಟ್ಟೆವು.

ಪಂಪು ನಿಲ್ಲಿಸಿ ಅರ್ಧ ಗಂಟೆ ಕಾದೆವು. ಮೀಟರಿನ ಮುಳ್ಳು ಕದಲಲಿಲ್ಲ, ಎಲ್ಲಿಯೂ ಸೋರಿಕೆ ಇಲ್ಲ. ಗ್ಯಾಸನ್ನು ತಕ್ಕಡಿಯ ಮೇಲೆ ಇಟ್ಟು ತೂಗಿ 450 ಗ್ರಾಂ ತುಂಬಿದೆವು. ಹತ್ತು ನಿಮಿಷದಲ್ಲಿ ಒಳಗಿನ ಗಾಳಿ 8 ಡಿಗ್ರಿಗೆ ಇಳಿಯಿತು. ಈಗ ನಾಲ್ಕು ತಿಂಗಳಾಯಿತು, ಕಾರು ಸರಿಯಾಗಿದೆ. ಲೆಕ್ಕವನ್ನೂ ಒಪ್ಪಿಸುತ್ತೇನೆ. ಮೊದಲ ಸಲ ಹಾಳಾದದ್ದು 15,800. ಎರಡನೇ ಸಲ ಕಂಪ್ರೆಸರ್ 14,000, ಕಂಡೆನ್ಸರ್ ಮತ್ತು ಡ್ರೈಯರ್ 5,000, ವಾಲ್ವು 1,500, ಗ್ಯಾಸು 1,800, ತೊಳೆಯುವ ದ್ರಾವಣ 700, ಹುಡುಗನ ಕಾಯಕದ ಹಣ 3,000. ಒಟ್ಟು 41,800. ಲೂಟಿ ಎಂದಿದ್ದೆನಲ್ಲ, ಅದಕ್ಕಿಂತ 3,800 ಹೆಚ್ಚು. ಆ 3,800 ರೂಪಾಯಿ ನನ್ನ ಅಹಂಕಾರದ ಫೀಜು. ಅಗ್ಗವಾಗಿ ಮುಗಿಯಿತು ಎಂದೇ ತಿಳಿದಿದ್ದೇನೆ.

ಈಗ ಈ ಮಾತನ್ನು ಮಠಕ್ಕೆ ಯಾಕೆ ತಂದೆ ಎಂದು ಹೇಳುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಕೆಟ್ಟು ನಿಂತ ಒಂದು ಯಂತ್ರವನ್ನು ಶರಣರು ತೆಗೆದು ಹೊಸದನ್ನು ಕೂಡಿಸಿದರು. ಜೊತೆಗೆ ಕೊಳವೆಗಳನ್ನೂ ತೊಳೆಯಲು ಹೊರಟರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆ ಮಾಡಿದ್ದು ಅದೇ ತೊಳೆಯುವ ಕೆಲಸ. ಅದಕ್ಕಾಗಿ ಅವರು ಜೀವ ತೆತ್ತರು. ನಾವು ಮಾಡಿದ್ದೇನು? ಕೊರಳಲ್ಲಿ ಇಷ್ಟಲಿಂಗವಿದೆ, ಹಣೆಯಲ್ಲಿ ವಿಭೂತಿ ಇದೆ, ಚೌಕಿನಲ್ಲಿ ಪುತ್ಥಳಿ ಇದೆ. ಕಂಪ್ರೆಸರ್ ಹೊಸದೇ. ಕೊಳವೆಯಲ್ಲಿ ಹಳೆಯ ಪುಡಿ ಹಾಗೆಯೇ ಇದೆ. ನನ್ನ ಮಗಳಿಗೆ ವರ ನೋಡುವಾಗ ಬಯೋಡಾಟಾದಲ್ಲಿ ನಮ್ಮ ಒಳಪಂಗಡದ ಹೆಸರನ್ನು ಬರೆದವನು ನಾನೇ. ಅದೇ ಒಳಪಂಗಡ ಅಲ್ಲ ಎಂಬ ಒಂದೇ ಕಾರಣಕ್ಕೆ, ಒಳ್ಳೆಯ ಲಿಂಗಾಯತ ಮನೆತನದ ಒಂದು ಸಂಬಂಧವನ್ನು ಬೇಡವೆಂದವನೂ ನಾನೇ. ಆ ವಾರವೇ ಎಲ್ಲೋ ಸಮಾನತೆಯ ಬಗ್ಗೆ ಭಾಷಣ ಮಾಡಿ ಬಂದಿದ್ದೆ.

ಪುಡಿ ಕಣ್ಣಿಗೆ ಕಾಣುವುದಿಲ್ಲ. ಯಾರಾದರೂ ಬೆರಳು ಹಾಕಿ ತೋರಿಸಬೇಕು. ತೋರಿಸಿದವನನ್ನು ಹೋಗು ಎನ್ನಬಾರದು.

ಪೂಜ್ಯರಲ್ಲಿ ಮತ್ತು ತಮ್ಮಲ್ಲಿ ನನ್ನ ಎರಡು ಬಿನ್ನಹಗಳಿವೆ. ಒಂದು, ನಮ್ಮ ಪ್ರಸಾದ ನಿಲಯದಲ್ಲಿ ತಿಂಗಳಿಗೆ ಒಂದು ರವಿವಾರ ಹತಾರದ ಪಾಠ ನಡೆಯಲಿ. ವಿದ್ಯುತ್ತು, ನಳ, ಗಾಡಿ, ಏಸಿ ಕೆಲಸ ಬಲ್ಲವರನ್ನು ಅತಿಥಿಗಳೆಂದು ಕರೆದು, ಈ ವೇದಿಕೆಯ ಮೇಲೆ ಕೂಡಿಸಿ, ಅವರ ದಿನದ ದುಡಿಮೆಯ ಹಣವನ್ನು ಸರಿಯಾಗಿ ಕೊಟ್ಟು ಪಾಠ ಹೇಳಿಸೋಣ. ಅವರು ಯಾವ ಓಣಿಯವರು ಎಂದು ಯಾರೂ ಕೇಳುವುದು ಬೇಡ. ನನ್ನ ಹತಾರದ ಪೆಟ್ಟಿಗೆಯನ್ನೂ, ಹತ್ತೊಂಬತ್ತು ದಿನ ಬಾಳಿದ ಆ ಕಂಪ್ರೆಸರನ್ನು ಎರಡು ಹೋಳು ಮಾಡಿಸಿ ಅದನ್ನೂ ಈ ಪಾಠಕ್ಕೆ ಇವತ್ತೇ ಒಪ್ಪಿಸುತ್ತೇನೆ. ಪಿಸ್ಟನ್ನಿನ ಮೇಲೆ ಪುಡಿ ಗೀರಿದ ಗೆರೆಗಳನ್ನು ಹುಡುಗರು ಕಣ್ಣಾರೆ ನೋಡಲಿ. ಮೊದಲ ಪಾಠಕ್ಕೆ ಬರುತ್ತೀಯಾ ಎಂದು ಆ ಹುಡುಗನನ್ನು ಕೇಳಿದ್ದೇನೆ. ನೋಡೋಣ ರೀ ಎಂದಿದ್ದಾನೆ. ಅವನು ಬರುವಂತೆ ನಡೆದುಕೊಳ್ಳುವ ಹೊಣೆ ನಮ್ಮದು.

ಎರಡನೆಯದು ಸಣ್ಣದು. ಮನೆಗೆ ಹೋದ ಮೇಲೆ ಅಡುಗೆ ಮನೆಯ ಕಪಾಟನ್ನೊಮ್ಮೆ ನೋಡಿರಿ. ಕಾಗದದ ಕಪ್ಪಿನ ಕಟ್ಟು ಇದ್ದರೆ, ಅದು ಯಾರಿಗಾಗಿ ಇದೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಿರಿ. ನಮ್ಮ ಮನೆಯಲ್ಲಿ ಆ ಕಟ್ಟು ಈಗ ಇಲ್ಲ. ಲೋಟ ಎಲ್ಲರಿಗೂ ಒಂದೇ. ಬಟ್ಟೆ ಇನ್ನೂ ಬೆಳ್ಳಗಾಗಿಲ್ಲ ಎಂಬುದು ನನಗೆ ಗೊತ್ತಿದೆ. ಇದು ಮೊದಲ ಸಲದ ತೊಳೆತ. “ಇನ್ನೊಮ್ಮೆ ರೀ” ಎಂಬ ಆ ಹುಡುಗನ ಮಾತು ಕಿವಿಯಲ್ಲಿದೆ.